ಸ್ಥಿರ ಪುಟಗಳು ಒಂದು ಸರ್ವರ್‌ನಲ್ಲಿ, ಜ್ಯಾಂಗೊ ಆ್ಯಪ್ ಇನ್ನೊಂದರಲ್ಲಿ: ಎಂಜಿನ್ಎಕ್ಸ್ ಮೂಲಕ ಕೋರಿಕೆಗಳನ್ನು ದಾಟಿಸುವುದು ಹೇಗೆ?

ಪ್ರಶ್ನೆ: ನಮ್ಮ ಸಹಕಾರ ಸಂಘದ ಜಾಲತಾಣದ ಸ್ಥಿರ ಪುಟಗಳು ಆಲ್ಮಾಲಿನಕ್ಸ್ (ರೆಡ್‌ಹ್ಯಾಟ್ ಬಳಗದ ಲಿನಕ್ಸ್) ಇರುವ ಒಂದು ಸರ್ವರ್‌ನಲ್ಲಿ (10.0.0.11) ಎಂಜಿನ್ಎಕ್ಸ್ ಎಂಬ ವೆಬ್ ಸರ್ವರ್ ತಂತ್ರಾಂಶದ ಮೂಲಕ ನಡೆಯುತ್ತಿವೆ. ಸದಸ್ಯರ ಖಾತೆ, ಅರ್ಜಿ, ಹುಡುಕಾಟ ಇವುಗಳಿಗಾಗಿ ಜ್ಯಾಂಗೊದಲ್ಲಿ (ಪೈಥಾನ್‌ನ ವೆಬ್ ಚೌಕಟ್ಟು) ಬರೆಸಿದ ಆ್ಯಪ್ ಅನ್ನು ಅದೇ ಖಾಸಗಿ ಜಾಲದ ಇನ್ನೊಂದು ಸರ್ವರ್‌ನಲ್ಲಿ (10.0.0.12, ಪೋರ್ಟ್ 8000) ಗುನಿಕಾರ್ನ್ ಎಂಬ ಪೈಥಾನ್ ಆ್ಯಪ್ ಸರ್ವರ್ ಮೂಲಕ ಓಡಿಸುತ್ತಿದ್ದೇವೆ. ‘/ಆ್ಯಪ್/’ ಎಂದು ಆರಂಭವಾಗುವ ವಿಳಾಸಗಳೆಲ್ಲ ಎರಡನೆಯ ಸರ್ವರ್‌ಗೆ ಹೋಗಬೇಕು. ಮೊದಲನೆಯ ಸರ್ವರ್‌ಗೆ ಲಾಗಿನ್ ಆಗಿ ಕರ್ಲ್ ಎಂಬ ಆಜ್ಞೆಯಿಂದ ಕೇಳಿದರೆ ಆ್ಯಪ್ ಉತ್ತರ ಕೊಡುತ್ತದೆ, ಬ್ರೌಸರ್‌ನಲ್ಲಿ ಮಾತ್ರ 502 ದೋಷ (ಹಿಂದಿನ ಸರ್ವರ್‌ನಿಂದ ಸರಿಯಾದ ಉತ್ತರ ಸಿಗಲಿಲ್ಲ) ಬರುತ್ತದೆ. ಪರೀಕ್ಷೆಗೆಂದು ಬೇರೊಂದು ಜಾಲದಲ್ಲಿ ಇದೇ ಐಪಿಗಳೊಂದಿಗೆ ಇಟ್ಟುಕೊಂಡಿರುವ ಇನ್ನೊಂದು ಜೋಡಿ ಸರ್ವರ್‌ಗಳಲ್ಲಿ ಆ್ಯಪ್ ತೆರೆದುಕೊಂಡರೂ ಕೆಲವು ಪುಟಗಳಿಗೆ 404 (ಪುಟ ಸಿಗಲಿಲ್ಲ) ಬರುತ್ತದೆ, ಪಾಸ್‌ವರ್ಡ್ ಬದಲಿಸುವ ಮಿಂಚಂಚೆಯಲ್ಲಿ 10.0.0.12 ಎಂಬ ವಿಳಾಸ ಕಾಣುತ್ತದೆ, ಆ್ಯಪ್‌ನ ಲಾಗ್‌ನಲ್ಲಿ ಎಲ್ಲ ಸದಸ್ಯರ ಐಪಿಯೂ ಒಂದೇ ಆಗಿದೆ. ಸರಿಯಾದ ಕಾನ್ಫಿಗ್ ಹೇಗಿರಬೇಕು?

ಉತ್ತರ: ನೀವು ಹೇಳಿರುವ ನಾಲ್ಕು ತೊಂದರೆಗಳಿಗೆ ಕಾರಣಗಳು ಬೇರೆ ಬೇರೆ. ಆದ್ದರಿಂದ ಕಾನ್ಫಿಗ್ ಫೈಲಿನ ಸಾಲುಗಳನ್ನು ಒಂದೇ ಸಲ ಬದಲಿಸುತ್ತ ಹೋಗದೆ ಒಂದೊಂದನ್ನೇ ಬಿಡಿಸಿಕೊಳ್ಳುವುದು ಒಳ್ಳೆಯದು. ಮುಂಭಾಗದ ಸರ್ವರ್‌ಗೆ (ಎಂಜಿನ್ಎಕ್ಸ್ ಇರುವ 10.0.0.11) ಎರಡು ಸಂಗತಿ ತಿಳಿಸಬೇಕು: ಯಾವ ಕೋರಿಕೆಯನ್ನು ಹಿಂಭಾಗಕ್ಕೆ, ಅಂದರೆ ಆ್ಯಪ್ ಇರುವ 10.0.0.12ಕ್ಕೆ ಕಳುಹಿಸಬೇಕು ಎಂಬುದು ಒಂದು, ಕಳುಹಿಸುವಾಗ ಮೂಲ ಕೋರಿಕೆಯ ಬಗ್ಗೆ ಹಿಂಭಾಗಕ್ಕೆ ಏನೇನು ಹೇಳಬೇಕು ಎಂಬುದು ಇನ್ನೊಂದು. ಮೊದಲನೆಯದನ್ನು ಎಲ್ಲರೂ ಮಾಡುತ್ತಾರೆ. ತೊಂದರೆಗಳಲ್ಲಿ ಹೆಚ್ಚಿನವು ಎರಡನೆಯದನ್ನು ಬಿಟ್ಟದ್ದರಿಂದ ಬರುತ್ತವೆ. ಇಲ್ಲಿ ಆಜ್ಞೆಗಳ ಹೆಸರುಗಳನ್ನು ಕನ್ನಡದಲ್ಲಿ ಬರೆದಿದ್ದೇನೆ, ಫೈಲಿನಲ್ಲಿ ಅವು ಇಂಗ್ಲಿಷ್ ಅಕ್ಷರಗಳಲ್ಲೇ ಇರಬೇಕು.

ಮೊದಲು 502ರ ವಿಚಾರ. ಬ್ರೌಸರ್ ತೋರಿಸುವ ಆ ಸಂಖ್ಯೆಯಿಂದ ಹೆಚ್ಚೇನೂ ತಿಳಿಯುವುದಿಲ್ಲ. ನಿಜವಾದ ಕಾರಣ ಇರುವುದು ಮುಂಭಾಗದ ಸರ್ವರ್‌ನ ಎರರ್ ಲಾಗ್‌ನಲ್ಲಿ, ಅದೂ ‘ಕನೆಕ್ಟ್ ಫೇಲ್ಡ್’ ಎಂಬ ಮಾತಿನ ಪಕ್ಕ ಆವರಣದೊಳಗಿರುವ ಸಂಖ್ಯೆಯಲ್ಲಿ. ಅಲ್ಲಿ 111 ಇದ್ದರೆ ಆ ಐಪಿಯ ಆ ಪೋರ್ಟಿನಲ್ಲಿ ಯಾರೂ ಕಿವಿಗೊಟ್ಟು ಕುಳಿತಿಲ್ಲ ಎಂದರ್ಥ. ಗುನಿಕಾರ್ನ್‌ಗೆ ಏನೂ ಹೇಳದಿದ್ದರೆ ಅದು 127.0.0.1ರ 8000ನೇ ಪೋರ್ಟಿನಲ್ಲಿ ಮಾತ್ರ ಕೇಳಿಸಿಕೊಳ್ಳುತ್ತದೆ, ಅಂದರೆ ತನ್ನ ಯಂತ್ರದೊಳಗಿನಿಂದ ಬಂದ ಕೋರಿಕೆಗಳಿಗೆ ಮಾತ್ರ ಉತ್ತರಿಸುತ್ತದೆ. ಬೈಂಡ್ ಆಯ್ಕೆಯಲ್ಲಿ 10.0.0.12:8000 ಎಂದು ಕೊಡಬೇಕು. 113 ಇದ್ದರೆ ಹಿಂಭಾಗದ ಯಂತ್ರದ ಫೈರ್‌ವಾಲ್ ಬಾಗಿಲಲ್ಲೇ ತಿರಸ್ಕರಿಸುತ್ತಿರುವ ಸಾಧ್ಯತೆ ಹೆಚ್ಚು. ‘ಅಪ್‌ಸ್ಟ್ರೀಮ್ ಟೈಮ್ಡ್ ಔಟ್’ ಎಂಬ ಮಾತಿನ ಪಕ್ಕ 110 ಇದ್ದರೆ ಉತ್ತರವೇ ಬರದೆ ಅವಧಿ ಮುಗಿದಿದೆ. ಕ್ಲೌಡ್ ಸೇವೆಗಳ ಸೆಕ್ಯುರಿಟಿ ಗ್ರೂಪ್ ಎಂಬ ಫೈರ್‌ವಾಲ್ ಪ್ಯಾಕೆಟ್‌ಗಳನ್ನು ಸದ್ದಿಲ್ಲದೆ ಬೀಳಿಸಿದಾಗ ಹೀಗಾಗುತ್ತದೆ, ಆಗ ಬಳಕೆದಾರರಿಗೆ ಕಾಣುವುದು 502 ಅಲ್ಲ, 504.

ನಿಮ್ಮ ವಿವರಣೆ ಓದಿದರೆ ಲಾಗ್‌ನಲ್ಲಿ ಸಿಗುವ ಸಂಖ್ಯೆ 13 ಇರಬೇಕು, ಅಂದರೆ ಅನುಮತಿ ನಿರಾಕರಣೆ. ಅದೇ ಯಂತ್ರದಿಂದ ಕರ್ಲ್ ಕೇಳಿದರೆ ಉತ್ತರ ಬರುತ್ತದೆ, ಎಂಜಿನ್ಎಕ್ಸ್ ಕೇಳಿದರೆ ಬರುವುದಿಲ್ಲ ಎಂದ ಮೇಲೆ ಜಾಲವೂ ಸರಿಯಿದೆ, ಗುನಿಕಾರ್ನ್ ಕೂಡ ಸರಿಯಿದೆ, ತಡೆಯುತ್ತಿರುವುದು ಎಸ್‌ಇಲಿನಕ್ಸ್, ಅಂದರೆ ಯಾವ ಪ್ರಕ್ರಿಯೆ ಏನು ಮಾಡಬಹುದು ಎಂದು ಕಟ್ಟುಹಾಕುವ ಲಿನಕ್ಸ್‌ನ ಭದ್ರತಾ ವ್ಯವಸ್ಥೆ. ರೆಡ್‌ಹ್ಯಾಟ್ ಬಳಗದ ವಿತರಣೆಗಳಲ್ಲಿ ವೆಬ್ ಸರ್ವರ್ ಪ್ರಕ್ರಿಯೆಯು ತಾನಾಗಿ ಹೊರಗಿನ ಯಂತ್ರಗಳಿಗೆ ಸಂಪರ್ಕ ಕಲ್ಪಿಸಬಾರದು ಎಂಬ ನಿಯಮ ಮೊದಲೇ ಜಾರಿಯಲ್ಲಿರುತ್ತದೆ. ನೀವು ಲಾಗಿನ್ ಆಗಿ ಓಡಿಸುವ ಕರ್ಲ್‌ಗೆ ಆ ಕಟ್ಟು ಅನ್ವಯಿಸುವುದಿಲ್ಲ, ಆದ್ದರಿಂದಲೇ ಪರೀಕ್ಷೆ ಹಾದಿ ತಪ್ಪಿಸುತ್ತದೆ. ಸೆಟ್‌ಎಸ್‌ಇಬೂಲ್ ಆಜ್ಞೆಗೆ ದೊಡ್ಡ ಅಕ್ಷರದ ಪಿ ಆಯ್ಕೆ ಸೇರಿಸಿ ‘ಎಚ್‌ಟಿಟಿಪಿಡಿ_ಕ್ಯಾನ್_ನೆಟ್‌ವರ್ಕ್_ಕನೆಕ್ಟ್’ ಎಂಬುದನ್ನು ‘ಆನ್’ ಮಾಡಿ. ಆ ಪಿ ಇಲ್ಲದಿದ್ದರೆ ಈಗ ಕೆಲಸ ನಡೆದರೂ ಮುಂದಿನ ರೀಬೂಟ್ ನಂತರ 502 ಮತ್ತೆ ಹಾಜರಾಗುತ್ತದೆ. ಎಸ್‌ಇಲಿನಕ್ಸ್ ಅನ್ನೇ ಪೂರ್ತಿ ಆರಿಸಿಬಿಡಿ ಎಂಬ ಸಲಹೆ ನಿಮಗೆ ಹತ್ತು ಕಡೆ ಸಿಗುತ್ತದೆ. ಸದಸ್ಯರ ಹಣದ ಲೆಕ್ಕವಿರುವ ಯಂತ್ರದಲ್ಲಿ ಅದನ್ನು ಮಾಡಬೇಡಿ.

ಇನ್ನು ಯಾವ ಕೋರಿಕೆ ಎಲ್ಲಿಗೆ ಎಂಬ ಪ್ರಶ್ನೆ. ಪಿಎಚ್‌ಪಿ ಕಾಲದಿಂದ ಬಂದವರಿಗೆ ವಿಳಾಸದ ಕೊನೆಯ ವಿಸ್ತರಣೆ ನೋಡಿ ಇದು ಡೈನಾಮಿಕ್, ಇದು ಸ್ಥಿರ ಎಂದು ವಿಂಗಡಿಸುವ ಅಭ್ಯಾಸವಿರುತ್ತದೆ. ಜ್ಯಾಂಗೊದಂಥ ಚೌಕಟ್ಟುಗಳ ವಿಳಾಸಗಳಿಗೆ ವಿಸ್ತರಣೆಯೇ ಇಲ್ಲವಾದ್ದರಿಂದ ವಿಳಾಸದ ಆರಂಭವನ್ನು ನೋಡಿ ವಿಂಗಡಿಸಬೇಕು. ನೀವು ‘/ಆ್ಯಪ್/’ ಎಂಬ ಪೂರ್ವಪದ ಇಟ್ಟುಕೊಂಡಿರುವುದು ಸರಿಯಾಗಿಯೇ ಇದೆ. ಸರ್ವರ್ ಬ್ಲಾಕ್‌ನಲ್ಲಿ ಆ ಪೂರ್ವಪದಕ್ಕೊಂದು ‘ಲೊಕೇಶನ್’ ಬ್ಲಾಕ್ ಬರೆದು ಅದರೊಳಗೆ ‘ಪ್ರಾಕ್ಸಿ_ಪಾಸ್’ ಆಜ್ಞೆಗೆ ಹಿಂಭಾಗದ ವಿಳಾಸ ಕೊಟ್ಟರೆ ಕೋರಿಕೆಗಳು ದಾಟುತ್ತವೆ.

ನಿಮ್ಮ 404ರ ಮೂಲ ಬಹುಮಟ್ಟಿಗೆ ಇದೇ ಸಾಲಿನ ಕೊನೆಯಲ್ಲಿರುವ ಒಂದು ಓರೆಗೆರೆಯಲ್ಲಿದೆ. ‘ಎಚ್‌ಟಿಟಿಪಿ://10.0.0.12:8000’ ಎಂದಷ್ಟೇ ಬರೆದು ಅರ್ಧವಿರಾಮ ಹಾಕಿದರೆ ಬಳಕೆದಾರ ಕೇಳಿದ ‘/ಆ್ಯಪ್/ಲಾಗಿನ್/’ ಎಂಬ ವಿಳಾಸ ಹಾಗೆಯೇ ಹಿಂದಕ್ಕೆ ಹೋಗುತ್ತದೆ. ಅದರ ಕೊನೆಗೊಂದು ಓರೆಗೆರೆ ಸೇರಿಸಿದರೆ ಎಂಜಿನ್ಎಕ್ಸ್ ಅದನ್ನು ಬದಲಿ ವಿಳಾಸವೆಂದು ಭಾವಿಸಿ, ಲೊಕೇಶನ್‌ಗೆ ಹೊಂದಿದ ‘/ಆ್ಯಪ್/’ ಭಾಗವನ್ನು ಕತ್ತರಿಸಿ ಆ ಜಾಗದಲ್ಲಿ ‘/’ ಇಡುತ್ತದೆ. ಜ್ಯಾಂಗೊಗೆ ತಲುಪುವುದು ಬರೀ ‘/ಲಾಗಿನ್/’. ಲೊಕೇಶನ್‌ನ ಕೊನೆಯಲ್ಲಿ ಓರೆಗೆರೆ ಇಲ್ಲದೆ ಪ್ರಾಕ್ಸಿ_ಪಾಸ್‌ನ ಕೊನೆಯಲ್ಲಿ ಮಾತ್ರ ಇದ್ದರೆ ಇನ್ನೂ ವಿಚಿತ್ರ: ಹಿಂಭಾಗಕ್ಕೆ ‘//ಲಾಗಿನ್/’ ಎಂದು ಜೋಡಿ ಗೆರೆಯ ವಿಳಾಸ ಹೋಗುತ್ತದೆ, ಜ್ಯಾಂಗೊದ ಯಾವ ನಿಯಮಕ್ಕೂ ಅದು ಹೊಂದುವುದಿಲ್ಲ. ಲೊಕೇಶನ್ ಅನ್ನು ರೆಗ್ಯುಲರ್ ಎಕ್ಸ್‌ಪ್ರೆಶನ್‌ನಲ್ಲಿ ಬರೆದವರಿಗೆ ಈ ಕತ್ತರಿಸುವ ಸೌಲಭ್ಯವೇ ಇಲ್ಲ; ಕಾನ್ಫಿಗ್ ಪರೀಕ್ಷೆಯಲ್ಲೇ ಎಂಜಿನ್ಎಕ್ಸ್ ತಕರಾರು ತೆಗೆಯುತ್ತದೆ.

ನನ್ನ ಸಲಹೆ ಪೂರ್ವಪದವನ್ನು ಕತ್ತರಿಸಬೇಡಿ ಎಂಬುದು. ಕತ್ತರಿಸಿದರೆ ತಾನು ‘/ಆ್ಯಪ್/’ ಅಡಿಯಲ್ಲಿದ್ದೇನೆ ಎಂಬುದು ಜ್ಯಾಂಗೊಗೆ ತಿಳಿಯುವುದೇ ಇಲ್ಲ. ಆಗ ಅದು ಕೊಡುವ ಕೊಂಡಿಗಳು, ಲಾಗಿನ್ ಆದ ನಂತರದ ಮರುನಿರ್ದೇಶನಗಳು ಎಲ್ಲವೂ ಪೂರ್ವಪದವಿಲ್ಲದೆ ಹೊರಟು, ಮುಂಭಾಗದ ಸರ್ವರ್ ಅವುಗಳನ್ನು ಸ್ಥಿರ ಪುಟಗಳೆಂದು ತಿಳಿದು ಡಿಸ್ಕ್‌ನಲ್ಲಿ ಹುಡುಕಿ ಸಿಗದೆ 404 ಕೊಡುತ್ತದೆ. ಒಳಗೆ ಬಂದ ಪುಟ ಸರಿಯಾಗಿದ್ದು ಅದರ ಮೇಲಿನ ಕೊಂಡಿ ಒತ್ತಿದಾಗ ಮಾತ್ರ 404 ಬರುತ್ತಿದ್ದರೆ ಕಾರಣ ಇದೇ. ಓರೆಗೆರೆ ತೆಗೆದುಹಾಕಿ ವಿಳಾಸ ಇದ್ದಂತೆಯೇ ಹೋಗಲಿ, ಜ್ಯಾಂಗೊದ ಮುಖ್ಯ ಯುಆರ್‌ಎಲ್ ಪಟ್ಟಿಯಲ್ಲಿ ಎಲ್ಲ ನಿಯಮಗಳನ್ನೂ ಆ ಪೂರ್ವಪದದ ಅಡಿಗೆ ಸೇರಿಸಿ. ಜ್ಯಾಂಗೊದ ‘ಫೋರ್ಸ್_ಸ್ಕ್ರಿಪ್ಟ್_ನೇಮ್’ ಎಂಬ ಸೆಟ್ಟಿಂಗ್‌ನಿಂದಲೂ ಕೆಲಸ ನಡೆಯುತ್ತದೆ, ಆದರೆ ಆರು ತಿಂಗಳ ನಂತರ ಕಾನ್ಫಿಗ್ ಓದುವವರಿಗೆ ಮೊದಲ ದಾರಿ ಸುಲಭವಾಗಿ ಅರ್ಥವಾಗುತ್ತದೆ.

ವಿಳಾಸದ ಮಾತು ಬಂದಾಗ ಕನ್ನಡ ತಾಣ ನಡೆಸುವವರು ಗಮನಿಸಬೇಕಾದ, ಇಂಗ್ಲಿಷ್ ಮಾರ್ಗದರ್ಶಿಗಳಲ್ಲಿ ಸಾಮಾನ್ಯವಾಗಿ ಕಾಣದ ಒಂದು ವಿಷಯವಿದೆ. ನಿಮ್ಮ ತಾಣದಲ್ಲಿ ಹುಡುಕಾಟವಿದೆ, ಸದಸ್ಯರು ಕನ್ನಡದಲ್ಲೇ ಟೈಪ್ ಮಾಡುತ್ತಾರೆ. ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟು ಬೇಕು. ವಿಳಾಸದಲ್ಲಿ ಹೋಗುವಾಗ ಪ್ರತಿ ಬೈಟೂ ಶೇಕಡಾ ಚಿಹ್ನೆ ಮತ್ತು ಎರಡು ಅಂಕಿಗಳಾಗಿ ಮೂರು ಅಕ್ಷರವಾಗುತ್ತದೆ. ‘ಸಹಕಾರಿ’ ಎಂಬುದು ಕಣ್ಣಿಗೆ ನಾಲ್ಕು ಅಕ್ಷರ, ಯೂನಿಕೋಡ್‌ನಲ್ಲಿ ಆರು ಸಂಕೇತ, ವಿಳಾಸದಲ್ಲಿ 54 ಅಕ್ಷರ. ಎಂಜಿನ್ಎಕ್ಸ್ ಒಂದು ಕೋರಿಕೆಯ ಮೊದಲ ಸಾಲಿಗೆ (ವಿಳಾಸ ಇರುವುದು ಇದರಲ್ಲೇ) 8 ಕಿಲೋಬೈಟ್‌ವರೆಗೆ ಜಾಗ ಕೊಡುತ್ತದೆ, ಮೀರಿದರೆ 414 (ವಿಳಾಸ ತೀರಾ ಉದ್ದ) ಎನ್ನುತ್ತದೆ. ಆದರೆ ಗುನಿಕಾರ್ನ್‌ನ ಸಹಜ ಮಿತಿ 4094 ಬೈಟು ಮಾತ್ರ, ಅಂದರೆ ಸುಮಾರು 450 ಕನ್ನಡ ಸಂಕೇತಗಳು. ಲಾಗಿನ್ ಆಗದ ಸದಸ್ಯ ಹುಡುಕಾಟದ ಪುಟಕ್ಕೆ ಹೋದರೆ ಜ್ಯಾಂಗೊ ಆ ಪೂರ್ಣ ವಿಳಾಸವನ್ನು ಲಾಗಿನ್ ಪುಟದ ‘ನೆಕ್ಸ್ಟ್’ ನಿಯತಾಂಕದಲ್ಲಿ ತುಂಬುತ್ತದೆ. ಆಗ ಶೇಕಡಾ ಚಿಹ್ನೆಯೇ ಮತ್ತೊಮ್ಮೆ ಸಂಕೇತೀಕರಣಗೊಂಡು ಒಂದೊಂದು ಕನ್ನಡ ಸಂಕೇತಕ್ಕೆ 15 ಅಕ್ಷರ ಬೇಕಾಗುತ್ತದೆ, ಮಿತಿ 270ರ ಆಸುಪಾಸಿಗೆ ಇಳಿಯುತ್ತದೆ. ಮುಂಭಾಗ ಒಪ್ಪಿದ ಕೋರಿಕೆಯನ್ನು ಹಿಂಭಾಗ 400 (ತಪ್ಪು ಕೋರಿಕೆ) ಎಂದು ತಿರಸ್ಕರಿಸುವುದಕ್ಕೆ ಇದೂ ಒಂದು ಕಾರಣ. ಗುನಿಕಾರ್ನ್‌ನ ‘ಲಿಮಿಟ್_ರಿಕ್ವೆಸ್ಟ್_ಲೈನ್’ ಅನ್ನು 8190ಕ್ಕೆ ಏರಿಸಿ. ಉದ್ದನೆಯ ಅರ್ಜಿ ಪಠ್ಯವನ್ನು ಗೆಟ್ ಬದಲು ಪೋಸ್ಟ್ ವಿಧಾನದಲ್ಲಿ ಕಳುಹಿಸುವಂತೆ ಆ್ಯಪ್ ಬರೆದವರಿಗೆ ಹೇಳಿ.

ಮಿಂಚಂಚೆಯಲ್ಲಿ ಒಳಜಾಲದ ಐಪಿ ಕಾಣುವುದು, ಲಾಗ್‌ನಲ್ಲಿ ಎಲ್ಲರ ಐಪಿಯೂ ಒಂದೇ ಆಗಿರುವುದು, ಇವೆರಡೂ ಹೆಡರ್‌ಗಳ, ಅಂದರೆ ಕೋರಿಕೆಯ ಜೊತೆ ಹೋಗುವ ವಿವರಗಳ ವಿಷಯ. ಹಿಂಭಾಗದ ಸರ್ವರ್‌ನ ದೃಷ್ಟಿಯಲ್ಲಿ ಕೋರಿಕೆ ತರುತ್ತಿರುವುದು ಸದಸ್ಯರಲ್ಲ, 10.0.0.11 ಎಂಬ ಯಂತ್ರ. ಟಿಸಿಪಿ ಸಂಪರ್ಕ ಅಲ್ಲಿಂದಲೇ ಬರುವುದರಿಂದ ಲಾಗ್‌ನಲ್ಲಿ ಆ ಐಪಿ ಬೀಳುವುದು ಸಹಜ. ‘ಹೋಸ್ಟ್’ ಹೆಡರ್ ಕೂಡ ಹಾಗೆಯೇ: ನೀವು ಬೇರೆ ಹೇಳದಿದ್ದರೆ ಎಂಜಿನ್ಎಕ್ಸ್ ಅದರಲ್ಲಿ ಬಳಕೆದಾರ ಟೈಪ್ ಮಾಡಿದ ಡೊಮೇನ್ ಹೆಸರನ್ನಲ್ಲ, ಪ್ರಾಕ್ಸಿ_ಪಾಸ್‌ನಲ್ಲಿರುವ ವಿಳಾಸವನ್ನೇ ತುಂಬುತ್ತದೆ. ಪಾಸ್‌ವರ್ಡ್ ಬದಲಿಸುವ ಕೊಂಡಿಯನ್ನು ಜ್ಯಾಂಗೊ ಕೋರಿಕೆಯ ಹೋಸ್ಟ್ ಹೆಡರ್‌ನಿಂದ ಕಟ್ಟುವುದರಿಂದ ಸದಸ್ಯರ ಕೈಗೆ 10.0.0.12 ಸೇರುತ್ತದೆ. ಹೀಗೆ ಆಗಿದೆ ಎಂದರೆ ಯಾರೋ ಜ್ಯಾಂಗೊದ ‘ಅಲೋಡ್_ಹೋಸ್ಟ್ಸ್’ ಪಟ್ಟಿಗೆ ಆ ಐಪಿಯನ್ನೋ ನಕ್ಷತ್ರ ಚಿಹ್ನೆಯನ್ನೋ ಸೇರಿಸಿ 400 ದೋಷವನ್ನು ಬಾಯಿಮುಚ್ಚಿಸಿದ್ದಾರೆ ಎಂದು ಊಹಿಸಬಹುದು. ಅದನ್ನು ತೆಗೆದು ಅಲ್ಲಿ ನಿಮ್ಮ ಡೊಮೇನ್ ಹೆಸರನ್ನು ಮಾತ್ರ ಉಳಿಸಿ.

ಪರಿಹಾರವಾಗಿ ಲೊಕೇಶನ್ ಬ್ಲಾಕ್‌ನೊಳಗೆ ‘ಪ್ರಾಕ್ಸಿ_ಸೆಟ್_ಹೆಡರ್’ ಆಜ್ಞೆಯನ್ನು ಮೂರು ಬಾರಿ ಬರೆಯಬೇಕು. ಹೋಸ್ಟ್‌ಗೆ $ಹೋಸ್ಟ್ ಎಂಬ ಚರ, ‘ಎಕ್ಸ್-ಫಾರ್ವರ್ಡೆಡ್-ಫಾರ್’ಗೆ $ರಿಮೋಟ್_ಆ್ಯಡ್ರ್, ‘ಎಕ್ಸ್-ಫಾರ್ವರ್ಡೆಡ್-ಪ್ರೋಟೊ’ಗೆ $ಸ್ಕೀಮ್. ಎರಡನೆಯದಕ್ಕೆ ಹೆಚ್ಚಿನ ಮಾದರಿಗಳಲ್ಲಿ $ಪ್ರಾಕ್ಸಿ_ಆ್ಯಡ್_ಎಕ್ಸ್_ಫಾರ್ವರ್ಡೆಡ್_ಫಾರ್ ಎಂಬ ಉದ್ದನೆಯ ಚರ ಕಾಣುತ್ತದೆ. ಅದು ಬಳಕೆದಾರನ ಕಡೆಯಿಂದ ಬಂದ ಅದೇ ಹೆಸರಿನ ಹೆಡರ್ ಅನ್ನು ಉಳಿಸಿಕೊಂಡು ಅದರ ಬಾಲಕ್ಕೆ ನಿಜವಾದ ಐಪಿ ಸೇರಿಸುತ್ತದೆ. ಎಂಜಿನ್ಎಕ್ಸ್‌ನ ಮುಂದೆ ಇನ್ನೊಂದು ಪ್ರಾಕ್ಸಿ (ನಡುವೆ ನಿಂತು ಕೋರಿಕೆ ದಾಟಿಸುವ ಸರ್ವರ್) ಅಥವಾ ಸಿಡಿಎನ್ (ಪುಟಗಳ ಪ್ರತಿಗಳನ್ನು ಹಲವೆಡೆ ಇಟ್ಟು ಹಂಚುವ ಜಾಲ) ಇರುವವರಿಗೆ ಅದು ಬೇಕು. ನಿಮ್ಮ ಎಂಜಿನ್ಎಕ್ಸ್ ನೇರವಾಗಿ ಅಂತರ್ಜಾಲಕ್ಕೆ ಮುಖಮಾಡಿದೆ, ಅಲ್ಲಿಗೆ ಬರುವ ಆ ಹೆಡರ್‌ನಲ್ಲಿ ಯಾರು ಏನು ಬೇಕಾದರೂ ಬರೆದು ಕಳುಹಿಸಬಹುದು, ಪಟ್ಟಿಯ ಮೊದಲ ಐಪಿಯನ್ನು ನಂಬುವ ಆ್ಯಪ್ ಸುಲಭವಾಗಿ ಮೋಸಹೋಗುತ್ತದೆ. ಹಾಗಾಗಿ ನಿಮ್ಮ ಸಂದರ್ಭದಲ್ಲಿ ಹಳೆಯದನ್ನು ಅಳಿಸಿ ಹೊಸದಾಗಿ ಬರೆಯುವುದೇ ಕ್ಷೇಮ.

ಮೂರನೆಯ ಹೆಡರ್ ಏಕೆಂದರೆ, ಸದಸ್ಯರ ಬ್ರೌಸರ್‌ನಿಂದ ಎಂಜಿನ್ಎಕ್ಸ್‌ವರೆಗೆ ಎಚ್‌ಟಿಟಿಪಿಎಸ್ ಇದ್ದರೂ ಅಲ್ಲಿಂದ ಹಿಂದಕ್ಕೆ ಬರೀ ಎಚ್‌ಟಿಟಿಪಿ. ಜ್ಯಾಂಗೊ 4.0ರಿಂದ ಈಚೆಗೆ, ಅರ್ಜಿ ಸಲ್ಲಿಸಿದಾಗ ಬ್ರೌಸರ್ ಕಳುಹಿಸುವ ‘ಆರಿಜಿನ್’ ಹೆಡರ್ ಅನ್ನು ಆ್ಯಪ್ ತನ್ನದೆಂದು ತಿಳಿದಿರುವ ವಿಳಾಸದೊಂದಿಗೆ, ಎಚ್‌ಟಿಟಿಪಿಯೋ ಎಚ್‌ಟಿಟಿಪಿಎಸ್ಸೋ ಎಂಬುದೂ ಸೇರಿದಂತೆ, ಹೋಲಿಸಿ ನೋಡುತ್ತದೆ, ಹೊಂದದಿದ್ದರೆ 403 (ಅನುಮತಿ ಇಲ್ಲ). ಹೆಡರ್ ಕಳುಹಿಸಿದರಷ್ಟೇ ಸಾಲದು, ಜ್ಯಾಂಗೊದಲ್ಲಿ ‘ಸೆಕ್ಯೂರ್_ಪ್ರಾಕ್ಸಿ_ಎಸ್‌ಎಸ್‌ಎಲ್_ಹೆಡರ್’ ಸೆಟ್ಟಿಂಗ್‌ನಲ್ಲಿ ಅದನ್ನು ನಂಬಲು ಹೇಳಬೇಕು. ನಂಬಲು ಹೇಳಿದ ಮೇಲೆ ಆ ಹೆಡರ್ ಮುಂಭಾಗದಿಂದ ಮಾತ್ರ ಬರುವಂತೆ ನೋಡಿಕೊಳ್ಳುವುದು ನಿಮ್ಮ ಹೊಣೆ: ಹಿಂಭಾಗದ ಫೈರ್‌ವಾಲ್ಡ್ ಎಂಬ ಫೈರ್‌ವಾಲ್ ತಂತ್ರಾಂಶದಲ್ಲಿ 8000ನೇ ಪೋರ್ಟನ್ನು ಎಲ್ಲರಿಗೂ ತೆರೆಯದೆ, 10.0.0.11ಕ್ಕೆ ಮಾತ್ರ ಅನುಮತಿಸುವ ರಿಚ್ ರೂಲ್ ಬರೆಯಿರಿ.

ಈ ಮೂರು ಸಾಲುಗಳನ್ನು ಮೇಲಿನ ಸರ್ವರ್ ಬ್ಲಾಕ್‌ನಲ್ಲಿ ಬರೆದರೆ ಒಳಗಿನ ಲೊಕೇಶನ್‌ಗಳಿಗೂ ಅನ್ವಯಿಸುತ್ತವೆಯಲ್ಲ ಎಂದು ನೀವು ಕೇಳಬಹುದು. ಅನ್ವಯಿಸುತ್ತವೆ, ಆದರೆ ಆ ಲೊಕೇಶನ್‌ನೊಳಗೆ ಒಂದೂ ಪ್ರಾಕ್ಸಿ_ಸೆಟ್_ಹೆಡರ್ ಇಲ್ಲದಿದ್ದರೆ ಮಾತ್ರ. ಮುಂದೊಂದು ದಿನ ಯಾರಾದರೂ ಅಲ್ಲಿಗೆ ಒಂದೇ ಒಂದು ಹೊಸ ಹೆಡರ್ ಸೇರಿಸಿದರೂ ಮೇಲಿನಿಂದ ಬರುತ್ತಿದ್ದ ಮೂರೂ ಒಟ್ಟಿಗೆ ಕಾಣೆಯಾಗುತ್ತವೆ, ಯಾವ ಎಚ್ಚರಿಕೆಯೂ ಬರುವುದಿಲ್ಲ. ಅದಕ್ಕೇ ಮೂರನ್ನೂ ಒಂದು ಬೇರೆ ಫೈಲಿನಲ್ಲಿಟ್ಟು, ಬೇಕಾದ ಲೊಕೇಶನ್‌ಗಳಲ್ಲೆಲ್ಲ ‘ಇನ್‌ಕ್ಲೂಡ್’ ಮಾಡುವುದು ನನಗೆ ಮೆಚ್ಚುಗೆಯ ಪದ್ಧತಿ.

ನೀವು ಕೇಳದಿದ್ದರೂ ಬೇಗನೆ ಎದುರಾಗುವ ಒಂದು ಸಂಗತಿ ಕಾಲಮಿತಿ. ವಾರ್ಷಿಕ ವರದಿ ತೆಗೆಯುವಂಥ ನಿಧಾನದ ಪುಟಕ್ಕೆ 502 ಅಥವಾ 504 ಬಂದಾಗ ಎಲ್ಲರೂ ಮೊದಲು ಎಂಜಿನ್ಎಕ್ಸ್‌ನ ‘ಪ್ರಾಕ್ಸಿ_ರೀಡ್_ಟೈಮ್‌ಔಟ್’ ಅನ್ನು 60 ಸೆಕೆಂಡಿನಿಂದ 300ಕ್ಕೆ ಏರಿಸುತ್ತಾರೆ. ಗುನಿಕಾರ್ನ್‌ಗೆ ತನ್ನದೇ ಮಿತಿ ಇದೆ, ಅದು 30 ಸೆಕೆಂಡು. ಅಷ್ಟರಲ್ಲಿ ಕೆಲಸ ಮುಗಿಸದ ವರ್ಕರ್ (ಕೋರಿಕೆ ನಿಭಾಯಿಸುವ ಪ್ರಕ್ರಿಯೆ) ಅನ್ನು ಅದು ಕೊಂದು ಹೊಸದನ್ನು ಹುಟ್ಟಿಸುತ್ತದೆ. ಆಗ ಎಂಜಿನ್ಎಕ್ಸ್ ಲಾಗ್‌ನಲ್ಲಿ ಹಿಂಭಾಗವು ಅವಧಿಗೆ ಮುನ್ನವೇ ಸಂಪರ್ಕ ಕಡಿದುಕೊಂಡಿತು ಎಂಬ ಸಾಲು ಬೀಳುತ್ತದೆ, ಮುಂಭಾಗದಲ್ಲಿ ಎಷ್ಟು ಏರಿಸಿದರೂ ಪ್ರಯೋಜನವಾಗುವುದಿಲ್ಲ. ಎರಡನ್ನೂ ಏರಿಸಬಹುದು, ಆದರೆ ಅಂಥ ವರದಿಯನ್ನು ಸೆಲೆರಿಯಂಥ ಹಿನ್ನೆಲೆ ಕೆಲಸಕ್ಕೆ ಒಪ್ಪಿಸಿ, ಸಿದ್ಧವಾದಾಗ ಸದಸ್ಯರಿಗೆ ತಿಳಿಸುವುದೇ ಸರಿ. ಅರ್ಜಿಯ ಜೊತೆ ದಾಖಲೆ ಸ್ಕ್ಯಾನ್ ಮಾಡಿ ಏರಿಸುವವರಿಗೆ 413 (ಕಳುಹಿಸಿದ್ದು ತೀರಾ ದೊಡ್ಡದು) ಬಂದರೆ ‘ಕ್ಲೈಂಟ್_ಮ್ಯಾಕ್ಸ್_ಬಾಡಿ_ಸೈಜ್’ ಸಹಜವಾಗಿ 1 ಮೆಗಾಬೈಟ್ ಇರುವುದು ಕಾರಣ. 10 ಮೆಗಾಬೈಟ್‌ಗೆ ಏರಿಸಿ.

‘ಪ್ರಾಕ್ಸಿ_ಬಫರಿಂಗ್’ ಅನ್ನು ಮಾತ್ರ ಮುಟ್ಟಬೇಡಿ, ಅದು ಮೊದಲೇ ಆನ್ ಆಗಿರುತ್ತದೆ. ಹಳ್ಳಿಯ ನಿಧಾನದ ಮೊಬೈಲ್ ಸಂಪರ್ಕದಲ್ಲಿರುವ ಸದಸ್ಯ ಒಂದು ಪುಟವನ್ನು ಅರ್ಧ ನಿಮಿಷ ತೆಗೆದುಕೊಂಡು ಇಳಿಸಿಕೊಂಡರೂ ಗುನಿಕಾರ್ನ್‌ನ ವರ್ಕರ್ ತನ್ನ ಉತ್ತರವನ್ನು ಕ್ಷಣದಲ್ಲಿ ಎಂಜಿನ್ಎಕ್ಸ್‌ಗೆ ಒಪ್ಪಿಸಿ ಮುಂದಿನ ಕೋರಿಕೆಗೆ ಹೋಗುತ್ತದೆ, ಕಾಯುವ ಕೆಲಸ ಎಂಜಿನ್ಎಕ್ಸ್‌ನದು. ಇಗೊರ್ ಸಿಸೊಯೆವ್ 2004ರಲ್ಲಿ ಬಿಡುಗಡೆ ಮಾಡಿದ ಈ ತಂತ್ರಾಂಶದ ಹುಟ್ಟಿನ ಉದ್ದೇಶವೇ ಸಾವಿರಾರು ಸಂಪರ್ಕಗಳನ್ನು ಕಡಿಮೆ ಮೆಮೊರಿಯಲ್ಲಿ ಹಿಡಿದಿಟ್ಟುಕೊಳ್ಳುವುದು. ಬೆರಳೆಣಿಕೆಯ ವರ್ಕರ್‌ಗಳಿರುವ ಗುನಿಕಾರ್ನ್ ಅನ್ನು ನೇರವಾಗಿ ಅಂತರ್ಜಾಲಕ್ಕೆ ಒಡ್ಡದೆ ನೀವು ಹಿಂದೆ ಇಟ್ಟಿರುವುದರ ಲಾಭ ಸಿಗುವುದು ಇಲ್ಲಿಯೇ.

ಎರಡು ಯಂತ್ರಗಳಾದಾಗ ಮರೆತುಹೋಗುವ ಇನ್ನೊಂದು ವಿಷಯ ಜ್ಯಾಂಗೊದ ಸಿಎಸ್‌ಎಸ್, ಜಾವಾಸ್ಕ್ರಿಪ್ಟ್ ಫೈಲುಗಳು. ‘ಕಲೆಕ್ಟ್‌ಸ್ಟ್ಯಾಟಿಕ್’ ಆಜ್ಞೆ ಅವುಗಳನ್ನು ಹಿಂಭಾಗದ ಯಂತ್ರದಲ್ಲೇ ಒಟ್ಟುಗೂಡಿಸುತ್ತದೆ, ಎಂಜಿನ್ಎಕ್ಸ್ ತನ್ನ ಡಿಸ್ಕ್‌ನಲ್ಲಿ ಹುಡುಕುತ್ತದೆ. ಆಡಳಿತ ಪುಟ ಬಣ್ಣವಿಲ್ಲದೆ ಬರೀ ಅಕ್ಷರಗಳಾಗಿ ಕಾಣುವುದು ಇದರಿಂದ. ಪ್ರತಿ ಬಿಡುಗಡೆಯಲ್ಲೂ ಆರ್‌ಸಿಂಕ್‌ನಿಂದ ಮುಂಭಾಗಕ್ಕೆ ನಕಲಿಸಿ, ನಂತರ ರಿಸ್ಟೋರ್‌ಕಾನ್ ಓಡಿಸಿ ಎಸ್‌ಇಲಿನಕ್ಸ್ ಗುರುತುಗಳನ್ನು ಸರಿಪಡಿಸಿ. ಇಷ್ಟು ಬೇಡವೆನಿಸಿದರೆ ಜ್ಯಾಂಗೊಗೆ ವೈಟ್‌ನಾಯ್ಸ್ ಎಂಬ ಪೈಥಾನ್ ಲೈಬ್ರರಿ ಸೇರಿಸಿ ಆ ಫೈಲುಗಳನ್ನೂ ಹಿಂಭಾಗದಿಂದಲೇ ಕೊಡಬಹುದು, ನಿಮ್ಮ ಪ್ರಮಾಣಕ್ಕೆ ಅದು ಸಾಕು.

ಎರಡೂ ಯಂತ್ರಗಳು ಒಂದೇ ಖಾಸಗಿ ಜಾಲದಲ್ಲಿರುವವರೆಗೆ ನಡುವೆ ಬರೀ ಎಚ್‌ಟಿಟಿಪಿ ಇದ್ದರೆ ನಡೆಯುತ್ತದೆ. ಮುಂದೆ ಆ್ಯಪ್ ಅನ್ನು ಬೇರೆ ಕಡೆಗೆ ಸ್ಥಳಾಂತರಿಸಿ ಸಾರ್ವಜನಿಕ ಅಂತರ್ಜಾಲದ ಮೂಲಕ ದಾಟಿಸುವುದಾದರೆ ವೈರ್‌ಗಾರ್ಡ್‌ನ ಗೂಢಲಿಪಿ ಸುರಂಗ (ವಿಪಿಎನ್) ಹಾಕಿ. ಪ್ರಾಕ್ಸಿ_ಪಾಸ್‌ನಲ್ಲಿ ಎಚ್‌ಟಿಟಿಪಿಎಸ್ ಎಂದು ಬರೆದ ಮಾತ್ರಕ್ಕೆ ರಕ್ಷಣೆ ಪೂರ್ಣವಾಗುವುದಿಲ್ಲ, ಏಕೆಂದರೆ ಹಿಂಭಾಗದ ಪ್ರಮಾಣಪತ್ರವನ್ನು ಪರಿಶೀಲಿಸುವ ‘ಪ್ರಾಕ್ಸಿ_ಎಸ್‌ಎಸ್‌ಎಲ್_ವೆರಿಫೈ’ ಸಹಜವಾಗಿ ಆಫ್ ಇರುತ್ತದೆ. ಐಪಿ ಬದಲು ಹೆಸರು ಬಳಸಿದರೆ ಎಂಜಿನ್ಎಕ್ಸ್ ಸಾಮಾನ್ಯವಾಗಿ ಆ ಹೆಸರಿನ ಐಪಿಯನ್ನು ಕಾನ್ಫಿಗ್ ಓದುವಾಗ ಒಮ್ಮೆ ಮಾತ್ರ ಹುಡುಕುತ್ತದೆ, ಡಿಎನ್‌ಎಸ್ ಬದಲಾದರೆ ರೀಲೋಡ್ ಮಾಡಬೇಕಾಗುತ್ತದೆ.

ಬದಲಾವಣೆಗಳನ್ನು ಜಾರಿಗೆ ತರುವ ಮುನ್ನ ಎಂಜಿನ್ಎಕ್ಸ್ ಆಜ್ಞೆಯನ್ನು ಟಿ ಆಯ್ಕೆಯೊಂದಿಗೆ ಓಡಿಸಿ ಫೈಲನ್ನು ಪರೀಕ್ಷಿಸಿ, ಆಮೇಲೆ ರೀಸ್ಟಾರ್ಟ್ ಬದಲು ರೀಲೋಡ್ ಮಾಡಿ. ನಡೆಯುತ್ತಿರುವ ಕೋರಿಕೆಗಳನ್ನು ಹಳೆಯ ವರ್ಕರ್‌ಗಳು ಮುಗಿಸಿಯೇ ನಿರ್ಗಮಿಸುತ್ತವೆ. ಕೊನೆಯದಾಗಿ ಆ್ಯಕ್ಸೆಸ್ ಲಾಗ್‌ನ ವಿನ್ಯಾಸಕ್ಕೆ $ಅಪ್‌ಸ್ಟ್ರೀಮ್_ಆ್ಯಡ್ರ್, $ಅಪ್‌ಸ್ಟ್ರೀಮ್_ಸ್ಟೇಟಸ್ ಮತ್ತು $ಅಪ್‌ಸ್ಟ್ರೀಮ್_ರೆಸ್ಪಾನ್ಸ್_ಟೈಮ್ ಎಂಬ ಮೂರು ಚರಗಳನ್ನು ಸೇರಿಸಿ. 404 ಬಂದ ಸಾಲಿನಲ್ಲಿ ಈ ಮೂರರ ಜಾಗದಲ್ಲಿ ಬರೀ ಅಡ್ಡಗೆರೆ ಇದ್ದರೆ ಆ ಕೋರಿಕೆ ಹಿಂಭಾಗಕ್ಕೆ ಹೋಗಲೇ ಇಲ್ಲ, ಲೊಕೇಶನ್ ಬ್ಲಾಕ್ ನೋಡಬೇಕು, 10.0.0.12:8000 ಮತ್ತು 404 ಎರಡೂ ಇದ್ದರೆ ಉತ್ತರ ಕೊಟ್ಟದ್ದು ಜ್ಯಾಂಗೊ, ಅದರ ಯುಆರ್‌ಎಲ್ ಪಟ್ಟಿ ನೋಡಬೇಕು.